ಮಿಷನ್ ಅಕ್ಕನ ಬ್ಯಾಟರಿ ಗಾಡಿ

ಅವರ ಬಲಗೈ ಹೆಬ್ಬೆರಳು ಮಿಕ್ಕ ಬೆರಳುಗಳಂತಿರಲಿಲ್ಲ. ತುದಿ ಅಗಲವಾಗಿ ಚಪ್ಪಟೆಯಾಗಿತ್ತು. ಚರ್ಮ ಹೊಳೆಯುವಷ್ಟು ನುಣುಪಾಗಿ, ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ, ಎಡಗೈ ಬೆರಳನ್ನು ಇಡಬೇಕಾಗುತ್ತಿತ್ತು. ಮದುವೆಯಾಗಿ ಬಂದ ವರ್ಷದಿಂದ ಹಿಟ್ಟಿನ ಗಿರಣಿಯ ಬಾಯಿಂದ ಬಿಸಿಬಿಸಿಯಾಗಿ ಬೀಳುವ ರಾಗಿ ಹಿಟ್ಟನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿ ನೋಡಿ ಆ ಬೆರಳು ಹಾಗಾಗಿತ್ತು. ನಾನು ಅವರನ್ನು ಹತ್ತಿರದಿಂದ ಬಲ್ಲ ವರ್ಷಗಳಲ್ಲಿ ಅದು ಹಿಟ್ಟು ಉಜ್ಜುವುದನ್ನು ನಿಲ್ಲಿಸಿ ಬೇರೊಂದು ಕೆಲಸ ಕಲಿತಿತ್ತು.

ನಮ್ಮ ಕಡೆ ಹಿಟ್ಟಿನ ಗಿರಣಿಯನ್ನು ಮಿಷನ್ ಎನ್ನುತ್ತಾರೆ. ಶ್ರೀನಿವಾಸಪುರದ ನಮ್ಮ ಬೀದಿಯ ತಿರುವಿನಲ್ಲಿ ಇರುವ ಮಿಷನ್ನನ್ನು ಗಂಡ ತೀರಿಹೋದ ಮೇಲೂ ಒಬ್ಬರೇ ನಡೆಸಿದವರಾದ್ದರಿಂದ ಅವರು ಎಲ್ಲರಿಗೂ ಮಿಷನ್ ಅಕ್ಕ. ನಾನು ಎದುರು ಮನೆಯವಳು, ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ನನ್ನನ್ನು ಅವರು ಟೀಚರಮ್ಮ ಎಂದು ಕರೆಯುತ್ತಿದ್ದರು.

ಅವರ ಬಾಯಿ ಸ್ವಲ್ಪ ಚೂಪು. ರಾಗಿಯನ್ನು ಸರಿಯಾಗಿ ಒಣಗಿಸದೆ ತಂದವರನ್ನು ಹಾಗೇ ವಾಪಸು ಕಳಿಸುತ್ತಿದ್ದರು. ಓಡುವ ಬೆಲ್ಟಿನ ಹತ್ತಿರ ಸೆರಗು ಇಳಿಬಿಟ್ಟುಕೊಂಡು ನಿಂತ ಹೆಂಗಸರನ್ನು ಕಂಡರಂತೂ ಮಿಷನ್ನಿನ ಸದ್ದನ್ನೂ ಮೀರಿಸಿ ಕೂಗುತ್ತಿದ್ದರು. "ಸೆರಗು ಕಟ್ಕೊಂಡು ಒಳಕ್ಕೆ ಬಾಮ್ಮ. ಬೆಲ್ಟಿಗೆ ನೀನ್ಯಾರು ಅಂತ ಗೊತ್ತಾಗಲ್ಲ." ಅವರ ಸೀರೆ ಸದಾ ಮೊಳಕಾಲಿನ ಕೆಳಗೆ ಬಿಗಿಯಾಗಿ ಸುತ್ತಿ ಸಿಕ್ಕಿಸಿಕೊಂಡಂತೆ ಇರುತ್ತಿತ್ತು. ಮದುವೆ ಮನೆಗೆ ಹೋದರೂ ಹಾಗೆಯೇ ಉಡುತ್ತಿದ್ದರು.

ಸೊಂಟದ ಆಪರೇಷನ್ ಆದ ಮೇಲೆ ಅವರ ಎಡಗಾಲಿಗೆ ಬಲ ಬರಲಿಲ್ಲ. ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಹೋಗುವುದಷ್ಟೇ ಆಯಿತು. ಮಿಷನ್ನನ್ನು ಮಗ ನೋಡಿಕೊಂಡ. ಅವನೂ ಸೊಸೆಯೂ ಚೆನ್ನಾಗಿಯೇ ನೋಡಿಕೊಂಡರು, ಅದನ್ನು ಹೇಳಲೇಬೇಕು. ಆದರೆ ಅವರಿಗೆ ಒಂದು ಕೊರಗು ಇತ್ತು. ಊರಿನ ಇನ್ನೊಂದು ತುದಿಯಲ್ಲಿ, ಮುಳಬಾಗಿಲು ರಸ್ತೆಯಲ್ಲಿ ಮನೆಗಳು ಮುಗಿದ ಮೇಲೆ ಸಿಗುವ ಮಾವಿನ ತೋಪಿನ ಪಕ್ಕದಲ್ಲಿ, ಅವರ ಒಡಹುಟ್ಟಿದ ಅಕ್ಕ ಇದ್ದರು. ಆಕೆಯನ್ನು ನಾವು ದೊಡ್ಡಕ್ಕ ಎನ್ನುತ್ತಿದ್ದೆವು. ದೊಡ್ಡಕ್ಕನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಇಬ್ಬರೂ ರಾಯಲ್ಪಾಡು ಕಡೆಯ ಮನೆಯಲ್ಲಿ ಹುಟ್ಟಿ ಒಂದೇ ಊರಿಗೆ ಸೊಸೆಯರಾಗಿ ಬಂದವರು. ಒಂದೇ ಊರಿನಲ್ಲಿದ್ದರೂ ಅವರು ಭೇಟಿಯಾಗಿ ವರ್ಷಗಳೇ ಆಗಿದ್ದವು.

"ಫೋನ್ ಮಾಡಿ ಮಾತಾಡು ಅಂತಾನೆ ಮಗ," ಎಂದು ಒಂದು ದಿನ ನನ್ನಲ್ಲಿ ಹೇಳಿದ್ದರು. "ಅವ್ಳಿಗೆ ಕಣ್ಣಿಲ್ಲ, ನಂಗೆ ಕಾಲಿಲ್ಲ. ಅವ್ಳು ನನ್ನ ಮುಖ ಮುಟ್ಟಿ ನೋಡ್ಬೇಕು ಅಂತಾಳೆ. ಫೋನಾಗ ಮುಟ್ಟೋಕಾಯ್ತದಾ?"

ಆಟೋದಲ್ಲಿ ಹೋಗಬಹುದಿತ್ತು. ಒಂದು ಸಲ ಹೋಗಿಯೂ ಇದ್ದರು. ಆದರೆ ಆಟೋಗೆ ಹತ್ತಿಸಲು ಇಬ್ಬರು ಸೇರಿ ಅವರನ್ನು ಎತ್ತಬೇಕು, ಇಳಿಸಲು ಮತ್ತೆ ಎತ್ತಬೇಕು. ಬೀದಿಯವರೆಲ್ಲ ನೋಡುತ್ತಿರುವಾಗ ಮೂಟೆಯ ಹಾಗೆ ಎತ್ತಿಸಿಕೊಳ್ಳುವುದನ್ನು ಅವರಿಗೆ ಸಹಿಸಲಾಗಲಿಲ್ಲ. "ನಾನು ಜನ ತಂದ ಮೂಟೆ ಇಳಿಸ್ದೋಳು," ಎಂದಿದ್ದರು. ಆಮೇಲೆ ಮತ್ತೆ ಆಟೋ ಹತ್ತಲಿಲ್ಲ.

ಬ್ಯಾಟರಿ ಗಾಡಿ ಬಂದದ್ದು ಆಮೇಲೆ. ಕೋಲಾರದಲ್ಲಿ ವಯಸ್ಸಾದವರೊಬ್ಬರು ಬಳಸುತ್ತಿದ್ದುದನ್ನು ಅವರ ಮನೆಯವರು ಕೊಡುತ್ತಾರೆಂದು ತಿಳಿದು ಮಗ ಟೆಂಪೊದಲ್ಲಿ ಹಾಕಿಸಿಕೊಂಡು ಬಂದ. ನಮ್ಮ ಬೀದಿಯಲ್ಲಿ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಕೈಯಿಡುವ ಆಸರೆ ಇರುವ ಒಂದು ಕುರ್ಚಿ, ಅದರ ಕೆಳಗೆ ನಾಲ್ಕು ಪುಟ್ಟ ಚಕ್ರ, ಮುಂದೆ ಸೈಕಲ್ಲಿಗಿರುವಂಥ ಹ್ಯಾಂಡಲ್, ಸೀಟಿನ ಹಿಂದೆ ಒಂದು ಬುಟ್ಟಿ. ಹ್ಯಾಂಡಲ್ಲಿನ ಬಲಗಡೆಯ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಗಾಡಿ ಮುಂದಕ್ಕೆ ಹೋಗುತ್ತದೆ. ಬೆರಳು ತೆಗೆದರೆ ತಾನೇ ನಿಲ್ಲುತ್ತದೆ. ನಡುವೆ ಒಂದು ತಿರುಗುವ ಗುಂಡಿ, ಅದರ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ ಚಿತ್ರ. ವೇಗ ಕಡಿಮೆ, ಜಾಸ್ತಿ ಎಂದು ಅರ್ಥ.

ಮಗ ಉತ್ಸಾಹದಿಂದ ಮೊಲದ ಕಡೆಗೆ ತಿರುಗಿಸಿ ತೋರಿಸಲು ಹೋದ. ಮಿಷನ್ ಅಕ್ಕ ಅವನ ಕೈಮೇಲೆ ತಟ್ಟಿದರು.

"ಮೊದ್ಲು ಹೆಂಗೆ ನಿಲ್ಲುತ್ತೆ ತೋರ್ಸೋ. ಓಡೋದು ಆಮೇಲೆ ನೋಡಣ."

ಸಂಜೆ ಮಿಷನ್ ನಿಂತ ಮೇಲೆ ಅದರ ಮುಂದಿನ ಅಂಗಳದಲ್ಲಿ ಕಲಿತರು. ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. ಸೊಸೆ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಅತ್ತೆ, ಗೇಟಿನ ಆಚೆಗೂ ಊರು ಐತೆ." ಅವರು ತಲೆಯೆತ್ತಲಿಲ್ಲ. ಹಿಟ್ಟು ಉಜ್ಜುತ್ತಿದ್ದ ಬೆರಳು ಎಷ್ಟು ಒತ್ತಿದರೆ ಎಷ್ಟು ಹೋಗುತ್ತದೆ ಎಂಬುದನ್ನು ತನ್ನಷ್ಟಕ್ಕೆ ತಿಳಿದುಕೊಳ್ಳುತ್ತಿತ್ತು.

ರಸ್ತೆಗೆ ಬಂದ ಮೇಲೆ ಅವರು ತಮಗೆ ತಾವೇ ಕೆಲವು ಕಟ್ಟುಪಾಡು ಹಾಕಿಕೊಂಡರು. ಸೀಟಿನ ಮೇಲೆ ಕೂರುವಾಗ, ಇಳಿಯುವಾಗ ಕೀ ತೆಗೆದಿರಲೇಬೇಕು. ಏಳುವಾಗ ಕೈ ತಪ್ಪಿ ಪಟ್ಟಿಯ ಮೇಲೆ ಬಿದ್ದರೆ ಗಾಡಿ ಒಂದು ಕಡೆ, ತಾವು ಒಂದು ಕಡೆ ಎನ್ನುತ್ತಿದ್ದರು. ಸೀರೆಯ ಅಂಚು ಚಕ್ರದ ಕಡೆ ಇಳಿಯದಂತೆ ತೊಡೆಯ ಕೆಳಗೆ ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಹಂಪ್ ಬಂದರೆ ಓರೆಯಾಗಿ ಹತ್ತಿಸುತ್ತಿರಲಿಲ್ಲ, ನೇರವಾಗಿ, ಮುಂದಕ್ಕೆ ಬಾಗಿ ಹತ್ತಿಸುತ್ತಿದ್ದರು. ಮಳೆ ನೀರು ನಿಂತ ಕಡೆ ಇಳಿಸುತ್ತಿರಲಿಲ್ಲ, ನೀರಿನ ಅಡಿಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು. ಹ್ಯಾಂಡಲ್ಲಿಗೆ ಚೀಲ ನೇತುಹಾಕಲು ಯಾರು ಬಂದರೂ ಬಿಡುತ್ತಿರಲಿಲ್ಲ. ಸೊಪ್ಪು, ತರಕಾರಿ ಏನಿದ್ದರೂ ಹಿಂದಿನ ಬುಟ್ಟಿಗೆ. ಲಾರಿಯವರಿಗೆ ಎತ್ತರದಿಂದ ಕಾಣುವುದಿಲ್ಲವೆಂದು ಉದ್ದನೆಯ ಬಿದಿರು ಕಡ್ಡಿಗೆ ಹಳೆಯ ಕೆಂಪು ರವಿಕೆ ಬಟ್ಟೆಯನ್ನು ಬಾವುಟದಂತೆ ಹೊಲಿದು ಸೀಟಿನ ಹಿಂದೆ ಕಟ್ಟಿಸಿದ್ದರು.

ಆ ಬಾವುಟ ಬೀದಿಯವರಿಗೆ ತಮಾಷೆಯಾಯಿತು. ಬಸ್ ಸ್ಟ್ಯಾಂಡಿನ ಆಟೋದವರು ಅವರನ್ನು ಕಂಡರೆ ಎದ್ದು ನಿಂತು ಕೈಮುಗಿಯುತ್ತಿದ್ದರು.

"ಅಮ್ಮೋ, ಯಾವ ಪಾರ್ಟಿ?"

"ಆಟೋದೋರ ವಿರುದ್ಧ ಪಾರ್ಟಿ."

"ಗಾಡಿಗೆ ಲೈಸೆನ್ಸ್ ಐತಾ ಅಮ್ಮ?"

"ನಿಂದು ತೋರ್ಸು, ಆಮೇಲೆ ನಂದು ಕೇಳು."

ಕೇಳಿದವನು ಜೇಬು ಮುಟ್ಟಿಕೊಂಡು, "ಬೇಡ ಬಿಡಮ್ಮ, ಹೋಗು," ಎಂದ. ಉಳಿದವರು ಬಿದ್ದು ಬಿದ್ದು ನಕ್ಕರು.

ಭಾನುವಾರಗಳಲ್ಲಿ ನಾನು ಅವರ ಜೊತೆ ನಡೆದು ಹೋಗುತ್ತಿದ್ದೆ. ಆಮೆಯ ವೇಗಕ್ಕಿಂತ ಸ್ವಲ್ಪ ಮುಂದೆ, ಮೊಲದಿಂದ ಬಹಳ ಹಿಂದೆ, ಗುಂಡಿ ಅಲ್ಲಿಯೇ ನಿಂತಿರುತ್ತಿತ್ತು. ಒಮ್ಮೆ ಹಿಂದಿನಿಂದ ಬಂದ ಎಮ್ಮೆಗಳು ನಮ್ಮನ್ನು ದಾಟಿಕೊಂಡು ಹೋದವು. "ಸೈಡ್ ಕೊಡಮ್ಮ ಟೀಚರಮ್ಮ, ಅವುಕ್ಕೆ ಅರ್ಜೆಂಟ್ ಐತೆ," ಎಂದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು.

ಅವರು ಮೊದಲ ಸಲ ದೊಡ್ಡಕ್ಕನ ಮನೆಗೆ ಹೋದಾಗಲೂ ನಾನಿದ್ದೆ. ದೊಡ್ಡಕ್ಕ ಜಗಲಿಯ ಮೇಲೆ ಕೂತಿದ್ದರು. ಗಾಡಿಗೆ ಸದ್ದಿಲ್ಲ, ಹಾಗಾಗಿ ತಂಗಿ ಬಂದದ್ದು ಅವರಿಗೆ ತಿಳಿಯಲಿಲ್ಲ. ಮಿಷನ್ ಅಕ್ಕ ಏನೂ ಹೇಳದೆ ಗಾಡಿಯನ್ನು ಜಗಲಿಗೆ ತಾಗುವಷ್ಟು ಹತ್ತಿರ ತಂದು, ಕೀ ತೆಗೆದು, ಅಕ್ಕನ ಕೈ ಹಿಡಿದು ತಮ್ಮ ಕೆನ್ನೆಯ ಮೇಲೆ ಇಟ್ಟುಕೊಂಡರು. ದೊಡ್ಡಕ್ಕ ಹಣೆ, ಮೂಗು, ಗಲ್ಲವನ್ನೆಲ್ಲ ಮುಟ್ಟಿ ನೋಡಿ, "ಚಿಕ್ಕಿಪೋಯಾವು," ಎಂದರು. ಬಡವಾಗಿದ್ದೀಯೆ ಎಂದು. ಅಕ್ಕತಂಗಿಯರು ತಮ್ಮಲ್ಲಿ ತೆಲುಗು ಆಡುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ ಆ ಪಯಣ ತಪ್ಪಲಿಲ್ಲ.

ಈಗ ಹೇಳಬೇಕಾದದ್ದು ಆ ಜನವರಿಯ ಭಾನುವಾರದ ಮಾತು. ಇದನ್ನು ನಾನು ಹಲವು ಸಲ ಹೇಳಿದ್ದೇನೆ. ಈಗಲೂ ನಿಧಾನವಾಗಿ, ಕಂಡದ್ದನ್ನಷ್ಟೇ ಬರೆಯುತ್ತೇನೆ.

ಸಂಕ್ರಾಂತಿ ಕಳೆದಿತ್ತು. ನಮ್ಮ ಕಡೆ ಆ ದಿನಗಳಲ್ಲಿ ಟಾರು ರಸ್ತೆಯೇ ಕಣ. ಕೊಯ್ದು ಒಣಗಿಸಿದ ರಾಗಿಯನ್ನೋ ಹುರುಳಿಯನ್ನೋ ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಅದರ ಮೇಲೆ ಹೋಗಿ ಹೋಗಿ ಕಾಳು ಬಿಡುತ್ತದೆ. ಹರಡಿದವರು ಮರದ ನೆರಳಿನಲ್ಲಿ ಕೂತು ಕಾಯುತ್ತಾರೆ, ಬರುವ ಗಾಡಿಗಳಿಗೆ ಮೇಲೇ ಬನ್ನಿ ಎಂದು ಕೈ ಬೀಸುತ್ತಾರೆ. ಅದು ಸರಿಯಲ್ಲವೆಂದು ಎಲ್ಲರಿಗೂ ಗೊತ್ತು. ಎಲ್ಲರೂ ಅದರ ಮೇಲೇ ಹೋಗುತ್ತಾರೆ.

ಆ ದಿನ ದೊಡ್ಡಕ್ಕನ ಮನೆಗೆ ಸ್ವಲ್ಪ ಈಚೆಗೆ ಹುರುಳಿ ಹರಡಿದ್ದರು. ಬಳ್ಳಿ ಬಳ್ಳಿಯಾಗಿ, ದಪ್ಪಗೆ. ಹೋಗುವಾಗ ನಮ್ಮ ಬಲಗಡೆ ರಸ್ತೆಯ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ ಖಾಲಿ ಬಿಟ್ಟಿತ್ತು. ಮಿಷನ್ ಅಕ್ಕ ನಿಂತು, ಎದುರಿನಿಂದ ಏನೂ ಬರುತ್ತಿಲ್ಲವೆಂದು ನೋಡಿ, ಆ ಪಟ್ಟಿಯಲ್ಲೇ ದಾಟಿದ್ದರು.

ಬರುವಾಗ ಆ ಪಟ್ಟಿ ಅವರ ಎಡಗಡೆಗೆ ಬಂತು. ನಾನು ಹಿಂದೆ ಉಳಿದಿದ್ದೆ. ರಸ್ತೆ ಬದಿಯಲ್ಲಿ ಒಬ್ಬಾಕೆ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದಳು, ಅದನ್ನು ಆರಿಸುತ್ತಿದ್ದೆ. ಅವರ ಗಾಡಿಗೂ ನನಗೂ ನಡುವೆ ಯಾವ ಮರೆಯೂ ಇರಲಿಲ್ಲ. ಅವರು ಪಟ್ಟಿಯಲ್ಲಿ ಹೋಗುತ್ತಿದ್ದುದನ್ನು ನಾನು ಕಂಡೆ. ಹುರುಳಿಯನ್ನು ಕೋಲಿನಿಂದ ತಿರುವಿ ಹಾಕುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಅವರನ್ನು ನೋಡಿ ಕೂಗಿದಳು. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅಮ್ಮೋ, ಎಲ್ಲಾರ ಗಾಡೀನೂ ಮೇಲೆ ಹೋಗ್ತಾವೆ, ನಿಂದು ಪಕ್ಕದಾಗ ಹೋಗ್ತೈತೆ. ನಿಂದು ಗಾಡಿ ಅಲ್ವಾ?"

"ಅಲ್ಲ ಅಂದೋರ್ಯಾರು?" ಎಂದರು ಮಿಷನ್ ಅಕ್ಕ. ಧ್ವನಿಯಲ್ಲಿ ನಗು ಇತ್ತು. ಹ್ಯಾಂಡಲ್ ಬಲಕ್ಕೆ ತಿರುಗಿಸಿ ಹುರುಳಿಯ ಮೇಲೆ ಹತ್ತಿಸಿದರು.

ಮೊದಲು ಗಾಡಿ ಹೋಯಿತು. ಪುಟ್ಟ ಚಕ್ರಗಳು ಬಳ್ಳಿಯಲ್ಲಿ ಅರ್ಧ ಮುಳುಗಿದ್ದವು. ಆ ಹೆಂಗಸು ಕೋಲೆತ್ತಿ "ಹೋಯ್, ಹೋಯ್" ಎನ್ನುತ್ತಿದ್ದಳು. ನೆರಳಿನಲ್ಲಿ ಕೂತಿದ್ದ ಇಬ್ಬರು ಗಂಡಸರೂ ನಗುತ್ತಿದ್ದರು. ನಡುವೆ ಗಾಡಿ ಒಮ್ಮೆ ಗುಂಯ್ ಎಂದು ನಿಂತಿತು. ಬಳ್ಳಿ ಹಿಂದಿನ ಚಕ್ರಗಳ ಅಚ್ಚಿಗೆ ಸುತ್ತಿಕೊಂಡಿತ್ತು. ಇದು ಆಮೇಲೆ ಬಿಡಿಸುವಾಗ ಕಂಡದ್ದು. ಆಗ ಕಂಡದ್ದು ಗಾಡಿ ನಿಂತದ್ದು ಮಾತ್ರ.

ಗಂಡಸರಿಬ್ಬರೂ ಎದ್ದು ಬಂದು ತಳ್ಳಿದರು. ಅದು ಅಲುಗಲಿಲ್ಲ. ಆ ಗಾಡಿಯ ಗುಣವೇ ಹಾಗೆ. ಬೆರಳು ತೆಗೆದರೆ ಬ್ರೇಕು ತಾನೇ ಹಿಡಿಯುತ್ತದೆ, ಎಷ್ಟು ತಳ್ಳಿದರೂ ಬಿಡುವುದಿಲ್ಲ. ಹಿಂದೆ, ಸೀಟಿನ ಕೆಳಗೆ, ಒಂದು ಲಿವರ್ ಇದೆ. ಅದನ್ನು ಕೆಳಕ್ಕೆ ಒತ್ತಿದರೆ ಮಾತ್ರ ಚಕ್ರ ಸಡಿಲವಾಗುತ್ತದೆ. ಮಿಷನ್ ಅಕ್ಕನಿಗೆ ಅದು ಗೊತ್ತಿತ್ತು, ಆದರೆ ಕೂತ ಕಡೆಯಿಂದ ಕೈಗೆ ಎಟುಕುತ್ತಿರಲಿಲ್ಲ. ತಿರುಗಿ ಏನೋ ತೋರಿಸುತ್ತಿದ್ದರು. ಗಂಡಸರಿಗೆ ಅರ್ಥವಾಗಲಿಲ್ಲ.

ಆಗ ಟೊಮೆಟೊ ತುಂಬಿದ ಟೆಂಪೊ ನನ್ನ ಪಕ್ಕದಲ್ಲೇ ಹಾದು ಹೋಯಿತು. ಕೋಲಾರದ ಮಾರ್ಕೆಟ್ಟಿಗೆ ಹೋಗುತ್ತಿದ್ದದ್ದಿರಬೇಕು. ಅದರ ವೇಗ ಹೆಚ್ಚೆಂದು ನನಗೆ ಅನಿಸಲಿಲ್ಲ. ಹುರುಳಿ ಕಂಡಾಗ ಎಲ್ಲರೂ ಹೋಗುವ ಹಾಗೆ ಅವನೂ ಮೇಲೆ ಹೋಗಲು ಬಂದ. ಕೆಂಪು ಬಾವುಟ ಕಂಡು ಬ್ರೇಕ್ ಒತ್ತಿದ. ಬ್ರೇಕ್ ಒತ್ತಿದ್ದು ನನಗೆ ಗೊತ್ತು, ಹಿಂದಿನ ಕೆಂಪು ದೀಪ ಹೊತ್ತಿದ್ದನ್ನು ಕಂಡೆ. ಆದರೆ ಚಕ್ರದ ಕೆಳಗೆ ಇದ್ದದ್ದು ಟಾರು ಅಲ್ಲ, ಬಿಡಿಬಿಡಿ ಕಾಳು. ಟೆಂಪೊ ಜಾರಿಕೊಂಡೇ ಬಂತು.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಮಿಷನ್ ಅಕ್ಕನ ಮಾತು ನೆನಪಿದೆ. ಮಿಷನ್ ಓಡುವಾಗ ಕೂಗುತ್ತಿದ್ದ ಅದೇ ಗಂಟಲು.

"ಗಾಡಿ ಬಿಡ್ರೋ. ನನ್ನ ಎತ್ರಿ."

ಒಬ್ಬ ಕಂಕುಳಿಗೆ ಕೈ ಹಾಕಿದ, ಇನ್ನೊಬ್ಬ ಕಾಲು ಹಿಡಿದ. ಮೂಟೆ ಎತ್ತುವ ಹಾಗೆಯೇ ಎತ್ತಿದರು. ಅಂಚಿಗೆ ಬರುವಷ್ಟರಲ್ಲಿ ಹಿಂದಕ್ಕೆ ನಡೆಯುತ್ತಿದ್ದವನ ಕಾಲು ಕಾಳಿನ ಮೇಲೆ ಜಾರಿತು. ಮೂವರೂ ಬಿದ್ದರು. ಟೆಂಪೊ ಗಾಡಿಯ ಹಿಂದಿನ ಬುಟ್ಟಿಗೆ ಬಡಿದು, ಅದನ್ನು ತಳ್ಳಿಕೊಂಡು ಹೋಗಿ ನಿಂತಿತು. ಬುಟ್ಟಿ ನಜ್ಜುಗುಜ್ಜಾಯಿತು. ಒಂದು ಕ್ರೇಟು ಕೆಳಗೆ ಬಿದ್ದು ಟೊಮೆಟೊ ಉರುಳಿದವು. ಅವರು ಕೂತಿದ್ದ ಸೀಟು ತಿರುಗಿ ನನ್ನ ಕಡೆಗೆ ಮುಖ ಮಾಡಿತ್ತು, ಖಾಲಿಯಾಗಿ.

ಡ್ರೈವರ್ ಓಡಿಹೋಗಲಿಲ್ಲ. ಇಳಿದು, ರಸ್ತೆಯಲ್ಲೇ ಕೂತುಬಿಟ್ಟ. ಮಿಷನ್ ಅಕ್ಕ ಬಲ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು, "ಯಾರ್ಗೂ ಏನೂ ಆಗಿಲ್ವಾ?" ಎಂದು ಕೇಳುತ್ತಿದ್ದರು. ಅವರ ಮಣಿಕಟ್ಟು ಮುರಿದಿತ್ತು. ಬೇರೆ ಯಾರಿಗೂ ಏನೂ ಆಗಿರಲಿಲ್ಲ.

ಮಾರನೆಯ ದಿನ ಸಂಜೆ ಮಗ ನನ್ನನ್ನು ಮನೆಗೆ ಕರೆದ. ನಮ್ಮ ಬೀದಿಯವರಲ್ಲಿ ಕಂಡವಳು ನಾನೊಬ್ಬಳೇ ಎಂದು. ಮುಳಬಾಗಿಲಿನಿಂದ ಮಿಷನ್ ಅಕ್ಕನ ತಮ್ಮ ಬಂದಿದ್ದರು. ಮಿಷನ್ ಅಕ್ಕ ಮುರಿದ ಕೈಗೆ ಪಟ್ಟು ಕಟ್ಟಿಸಿಕೊಂಡು ಮಂಚದ ಮೇಲೆ ಕೂತಿದ್ದರು. ಗಾಡಿಯ ಕೀ ಆಗಲೇ ಮಗನ ಜೇಬಿನಲ್ಲಿತ್ತು.

"ಅಮ್ಮಂದೇನೂ ತಪ್ಪಿಲ್ಲ," ಎಂದ ಮಗ. "ರಸ್ತೆ ಮೇಲೆ ಹುರುಳಿ ಹಾಕಿದೋರ್ದು ತಪ್ಪು. ನಾಳೆ ಹೋಗಿ ಕಂಪ್ಲೇಂಟ್ ಕೊಡ್ತೀನಿ. ಈ ಗಾಡಿ ನಮ್ ರಸ್ತೆಗಲ್ಲ, ಮಾರ್ಬಿಡ್ತೀನಿ."

"ಟೆಂಪೊದೋನ್ದೂ ತಪ್ಪೇ," ಎಂದರು ತಮ್ಮ. "ಅಕ್ಕ ಏನ್ ಮಾಡ್ತಾಳೆ ಪಾಪ. ರೋಡೇ ಹಂಗೈತೆ."

ಅವರೆಲ್ಲ ಅಕ್ಕರೆಯಿಂದಲೇ ಹೇಳುತ್ತಿದ್ದರು. ನನಗೂ ಹೌದು ಎನ್ನುವುದು ಸುಲಭವಿತ್ತು, ಏಕೆಂದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಟೀಚರಮ್ಮನ್ನ ಕೇಳ್ರಿ," ಎಂದರು ಮಿಷನ್ ಅಕ್ಕ. "ಪಕ್ಕದಾಗೆ ಜಾಗ ಇತ್ತಾ ಇಲ್ವಾ ಅಂತ ಕೇಳ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಮಿಷನ್ ಅಕ್ಕನ ಕಡೆ ನೋಡಿದೆ.

"ನನ್ನ ಮುಖ ನೋಡ್ಬೇಡಮ್ಮ. ಕಂಡಿದ್ದು ಹೇಳು."

"ಇತ್ತು," ಎಂದೆ. "ಅಕ್ಕ ಪಟ್ಟಿಯಲ್ಲೇ ಬರ್ತಿದ್ರು. ಆ ಹೆಂಗಸು ನಿಂದು ಗಾಡಿ ಅಲ್ವಾ ಅಂದ್ಳು. ಅಕ್ಕ ಹ್ಯಾಂಡಲ್ ತಿರುಗಿಸಿ ಮೇಲೆ ಹತ್ತಿಸಿದ್ರು."

"ಯಾರಾದ್ರೂ ತಳ್ಳಿದ್ರಾ?"

"ಇಲ್ಲ."

"ಅಡ್ಡ ಏನಾದ್ರೂ ಬಂತಾ?"

"ಇಲ್ಲ ಅಕ್ಕ. ನೀವೇ ಹೋದ್ರಿ."

ಮಗನ ಮುಖ ಕೆಂಪಾಯಿತು. "ಹಂಗಾದ್ರೆ ಇನ್ನೂ ಚೆನ್ನಾಯ್ತು. ಬೇಕೂಂತ ಹೋಗಿದ್ದಾಳೆ. ಇನ್ನು ಕೀ ಕೇಳ್ಬೇಡಮ್ಮ."

"ಕೇಳ್ತೀನಿ ಕಣೋ," ಎಂದರು ಅವರು. ದನಿ ಏರಿಸಲಿಲ್ಲ. "ನೀವು ಹೇಳಿದ್ದು ನೋಡು. ರೋಡಿನ ತಪ್ಪು, ಹುರುಳಿಯೋರ ತಪ್ಪು, ಟೆಂಪೊದೋನ ತಪ್ಪು. ಅವ್ರದ್ದೇ ತಪ್ಪು ಅಂದ್ರೆ ನಾನೇನ್ ಮಾಡ್ಲಿ? ರೋಡ್ ನಾಳೆನೂ ಅಲ್ಲೇ ಇರ್ತದೆ, ಮುಂದಿನ ವರ್ಷ ಮತ್ತೆ ಹುರುಳಿ ಹಾಕ್ತಾರೆ. ನಾನು ಸಾಯೋಗಂಟ ಈ ಮಂಚದ ಮೇಲೆ ಇರ್ಬೇಕು. ತಪ್ಪು ನಂದಾದ್ರೆ ನಾನು ತಿದ್ಕೊಬೋದು. ನನ್ ತಪ್ಪು ನಂಗೆ ಬಿಡ್ರಪ್ಪ."

ಅವರು ಮಗನ ಎಡಗೈ ಕಡೆ ನೋಡಿದರು. ಅವನ ಕಿರುಬೆರಳಿನ ತುದಿ ಇಲ್ಲ.

"ಕಾಲೇಜಿಗೆ ಹೋಗೋವಾಗ ಓಡೋ ಬೆಲ್ಟಿಗೆ ಕೈ ಕೊಟ್ಯಲ್ಲ, ಆಗ ನಾನು ಮಿಷನ್ ಮಾರಿದ್ನಾ? ನಿನ್ನ ಒಳಕ್ಕೆ ಬರ್ಬೇಡ ಅಂದ್ನಾ? ಗಾಯ ಮಾಯ್ದ ಮೇಲೆ ಕರ್ಕೊಂಡೋಗಿ, ಕೈ ಎಲ್ಲಿಡ್ಬಾರ್ದು ಅಂತ ತೋರಿಸ್ದೆ. ಇವತ್ತು ಆ ಮಿಷನ್ನೇ ನಿನ್ನ ಸಾಕ್ತೈತೆ."

ಮಗ ಎದ್ದು ಹೊರಗೆ ಹೋದ. ಕೀ ಆ ದಿನ ಸಿಗಲಿಲ್ಲ. ಆದರೆ ಕಂಪ್ಲೇಂಟೂ ಹೋಗಲಿಲ್ಲ, ಗಾಡಿಯೂ ಮಾರಾಟವಾಗಲಿಲ್ಲ. ಸ್ವಲ್ಪ ದಿನದ ಮೇಲೆ ಅವನು ಮಿಷನ್ನಿನ ಅಂಗಳದಲ್ಲಿ ಗಾಡಿಯನ್ನು ಮಗ್ಗುಲಿಗೆ ಹಾಕಿಕೊಂಡು, ಅಚ್ಚಿನಿಂದ ಒಣಗಿದ ಬಳ್ಳಿಯನ್ನು ಚಾಕುವಿನಿಂದ ಕುಯ್ದು ಕುಯ್ದು ತೆಗೆಯುತ್ತಿದ್ದುದನ್ನು ನಮ್ಮ ಮನೆಯ ಬಾಗಿಲಿನಿಂದ ಕಂಡೆ. ಪಟ್ಟು ಬಿಚ್ಚಿದ ದಿನ ಕೀ ತಂದು ಮಂಚದ ಮೇಲೆ ಇಟ್ಟನಂತೆ. ಇದನ್ನು ನನಗೆ ಹೇಳಿದ್ದು ಸೊಸೆ.

ಅದಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಬೀದಿಗೆಲ್ಲ ಆ ಹಿಂದಿನ ಲಿವರಿನ ಪಾಠ ಹೇಳಿದ್ದು. ಸೊಸೆಯ ಉಗುರು ಬಣ್ಣ ತೆಗೆದುಕೊಂಡು ಲಿವರಿಗೆ ದಪ್ಪಗೆ ಹಚ್ಚಿಸಿದರು. ಟೀ ಅಂಗಡಿಯವನು, ಹೂವು ಮಾರುವವಳು, ಆಟೋದವರು, ಒಬ್ಬೊಬ್ಬರನ್ನೂ ಕರೆದು ಒತ್ತಿಸಿ, ತಳ್ಳಿಸಿ ನೋಡಿದರು.

"ನಾನೆಲ್ಲಾದ್ರೂ ನಿಂತೋದ್ರೆ ಕೆಂಪಗಿರೋದ್ನ ಕೆಳಕ್ಕೆ ಒತ್ತು, ಆಮೇಲೆ ತಳ್ಳು. ತಳ್ಳಿ ಆದ್ಮೇಲೆ ಮೇಲಕ್ಕೆ ಎತ್ತೋದು ಮರೀಬೇಡ. ಮರೆತ್ರೆ ಇಳಿಜಾರಲ್ಲಿ ನನ್ನ ಹಿಡ್ಯೋಕೆ ನೀನೇ ಓಡ್ಬೇಕು."

"ನಾವು ಆಟೋದಾಗ ಬಂದು ಹಿಡೀತೀವಿ ಬಿಡಮ್ಮ," ಎಂದ ಲೈಸೆನ್ಸ್ ಇಲ್ಲದವನು.

"ನಿನ್ ಆಟೋ ಬರೋಷ್ಟ್ರಲ್ಲಿ ನಾನು ಆಂಧ್ರದಾಗಿರ್ತೀನಿ."

ಮುಂದಿನ ವರ್ಷ ಮತ್ತೆ ಹುರುಳಿ ಬಂತು. ಅದೇ ಜಾಗ, ಅದೇ ಹೆಂಗಸು. ನಾನು ಆ ದಿನ ಅವರ ಪಕ್ಕದಲ್ಲೇ ನಡೆಯುತ್ತಿದ್ದೆ, ಹಿಂದೆ ಉಳಿಯಲಿಲ್ಲ. ಪಟ್ಟಿಯ ಮೇಲೂ ಅಷ್ಟಿಷ್ಟು ಬಳ್ಳಿ ಚೆಲ್ಲಿತ್ತು. ಮಿಷನ್ ಅಕ್ಕ ಇನ್ನೂ ದೂರವಿರುವಾಗಲೇ ನಿಲ್ಲಿಸಿ ಹಾರ್ನ್ ಒತ್ತಿದರು. ಆ ಹೆಂಗಸು ಗುರುತು ಹಿಡಿದು ಕೋಲು ಕೆಳಗಿಟ್ಟು ಬಂದಳು. ಅವಳ ಮುಖ ಸಣ್ಣಗಾಗಿತ್ತು.

"ಅಮ್ಮಾ, ಹೋದ ವರ್ಷ ನಾನು ಕರೀಬಾರ್ದಿತ್ತು."

"ನೀನು ಎಲ್ಲಾರ್ನೂ ಕರೀತೀಯ. ಬಂದಿದ್ದು ನಾನು," ಎಂದರು ಮಿಷನ್ ಅಕ್ಕ. "ಈಗ ಆ ಅಂಚು ಸ್ವಲ್ಪ ಗುಡಿಸ್ಕೊಡಮ್ಮ. ನಾನು ಕಾಯ್ತೀನಿ."

ಅವಳು ಪೊರಕೆ ತಂದು ಗುಡಿಸಿದಳು. ಟಾರು ಕಾಣುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಹಿಂದೆ ಬಂದ ಒಬ್ಬ ಬೈಕಿನವನು ಹಾರ್ನ್ ಮಾಡಿದ. ಅವನಿಗೆ ಹುರುಳಿಯ ಕಡೆ ಕೈ ತೋರಿಸಿ, "ನೀನು ಹೋಗಪ್ಪ," ಎಂದರು. ಅವನೂ ಹೋಗಲಿಲ್ಲ, ಅವರ ಹಿಂದೆಯೇ ಪಟ್ಟಿಯಲ್ಲಿ ಬಂದ.

ಅವರು ಮತ್ತೆ ಯಾವತ್ತೂ ಬೀಳಲಿಲ್ಲ. ತೀರಿಕೊಂಡದ್ದು ಈ ಸಲದ ಮಾವಿನ ಕಾಲದಲ್ಲಿ, ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿ. ಕೋಲಾರದ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ, ಮಿಷನ್ ಓಡುತ್ತಿರುವಾಗಲೇ, ಹಗಲು ಹೊತ್ತಿನಲ್ಲಿ. ಜ್ವರ ಬರುವ ಹಿಂದಿನ ಭಾನುವಾರವೂ ದೊಡ್ಡಕ್ಕನ ಮನೆಗೆ ಹೋಗಿ ಬಂದಿದ್ದರು.

ಅವರಿಂದ ನಾನು ಪಡೆದದ್ದು ಏನೆಂದು ಯೋಚಿಸುತ್ತೇನೆ. ಕಂಡದ್ದನ್ನು ಹೇಳುವಾಗ ಎದುರಿಗಿರುವವರ ಮುಖ ನೋಡಿ ಒಂದು ತುಂಡು ಬಿಟ್ಟುಬಿಡುವುದು ದೊಡ್ಡ ದಯೆ ಎಂದು ನಾನು ತಿಳಿದಿದ್ದೆ. ಬಿಟ್ಟ ಆ ತುಂಡಿನಲ್ಲೇ ಅವರು ಹೊರಬರುವ ಬಾಗಿಲ ಕೀ ಇರಬಹುದೆಂದು ಆ ಸಂಜೆಯವರೆಗೆ ನನಗೆ ತೋಚಿರಲಿಲ್ಲ.

ತಿಥಿ ಕಳೆದ ಮೇಲೆ ದೊಡ್ಡಕ್ಕನನ್ನು ನೋಡಲು ಹೋದೆ. ಜಗಲಿಯ ಮೇಲೆ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೇ, "ಟೀಚರಮ್ಮನಾ?" ಎಂದರು. ಪಕ್ಕದಲ್ಲಿ ಕೂತೆ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡು ಕೇಳಿದರು.

"ನೀನು ಕಂಡಿದ್ದು ಕಂಡಂಗೆ ಹೇಳ್ತೀಯ ಅಂತ ಅವ್ಳು ಅನ್ನೋಳು. ಅವ್ಳು ಬಿದ್ದಿದ್ದು ನನ್ನಿಂದ ತಾನೆ? ಬಿಸಿಲೇರ್ತದೆ, ಬಿರ್ರನೆ ಹೋಗು ಅಂತ ಆವತ್ತು ನಾನೇ ಅವಸರ ಮಾಡಿ ಕಳಿಸ್ದೆ. ಕೇಳಿದ್ರೆ ಏನೂ ಇಲ್ಲ ಬಿಡೇ ಅನ್ನೋಳು. ಅವಸರದಾಗ ಹೋಗಿ ಬಿದ್ಳು."

"ಇಲ್ಲ ದೊಡ್ಡಕ್ಕ," ಎಂದೆ.

ಈ ಜಗಲಿಯಿಂದ ಹೊರಟದ್ದರಿಂದ ಶುರು ಮಾಡಿದೆ. ಗುಂಡಿ ಆಮೆಯ ಹತ್ತಿರವೇ ಇತ್ತು, ಅವಸರ ಇರಲಿಲ್ಲ ಎಂದು ಹೇಳಿದೆ. ನಾನು ಅವರೆಕಾಯಿಗೆ ನಿಂತದ್ದು, ಅವರು ಪಟ್ಟಿಯಲ್ಲಿ ಹೋಗುತ್ತಿದ್ದದ್ದು, ಆ ಹೆಂಗಸು ಕೂಗಿದ್ದು.

"ಏನಂದ್ಳು? ಇನ್ನೊಂದ್ಸಲ ಹೇಳು."

"ನಿಂದು ಗಾಡಿ ಅಲ್ವಾ, ಅಂದ್ಳು."

"ಅದಕ್ಕೆ ಹತ್ತಿಸ್ಬಿಟ್ಳಾ?"

"ಹೂಂ. ಅಲ್ಲ ಅಂದೋರ್ಯಾರು ಅಂತ ಕೇಳಿ, ಹತ್ತಿಸಿದ್ರು. ನಗ್ತಾ ಇದ್ರು."

ದೊಡ್ಡಕ್ಕನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ಅವರು ನಗುತ್ತಿದ್ದರು. ಹಲ್ಲಿಲ್ಲದ ಬಾಯಿ ತೆರೆದು, ನನ್ನ ಕೈ ಬಿಡದೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಆಮೇಲೆ?" ಎಂದರು. "ಆಮೇಲೆ ಏನಾಯ್ತು, ಅದ್ನೂ ಹೇಳು."

ಉಳಿದದ್ದನ್ನೂ ಹೇಳಿದೆ, ಏನನ್ನೂ ಬಿಡದೆ.